ತಂಗಿಯ ಖುಷಿ ಮತ್ತು ಹದಿಮೂರರ ಮಗ್ಗಿ

ಶಾಲೆ ತಪಾಸಣೆಗೆ ಬಂದ ಸಾಹೇಬರು ‘ಸಾಕು’ ಎಂದ ಮೇಲೂ ಹದಿಮೂರರ ಮಗ್ಗಿಯನ್ನು ಮುಂದುವರಿಸಿದವರು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಬಹಳ ವರ್ಷ ನಾನೇ ಎಂದು ನಂಬಿದ್ದೆ. ಧಾರವಾಡದಲ್ಲಿ ಓದುವಾಗ ಗೆಳೆಯರಿಗೆ ಹಾಗೆಯೇ ಹೇಳುತ್ತಿದ್ದೆ, ಸ್ವಲ್ಪ ಎದೆ ಉಬ್ಬಿಸಿಕೊಂಡು. ಆಮೇಲೆ ಒಂದು ರಜೆಯಲ್ಲಿ ಆಯಿಯನ್ನು ಕೇಳಿದೆ. ನಮ್ಮಲ್ಲಿ ತಾಯಿಗೆ ಆಯಿ ಎನ್ನುತ್ತೇವೆ.

“ನೀನಾ? ನೀ ಹೆದ್ರಕಂಡು ಗೋಡೆಗೆ ಅಂಟ್ಕಂಡಿದ್ದೆ,” ಎಂದು ನಕ್ಕುಬಿಟ್ಟಳು. ಅವಳ ಪ್ರಕಾರ ಮುಂದುವರಿಸಿದವರು ನಮ್ಮ ಶಾಲೆಯ ಮಾಸ್ತರರು.

ಮಾಸ್ತರರು ನಿವೃತ್ತರಾಗಿ ಬನವಾಸಿ ಕಡೆಯ ತಮ್ಮ ಊರಿಗೆ ಹೋಗಿದ್ದರು. ಅಲ್ಲಿಗೂ ಹೋಗಿ ಕೇಳಿದೆ. “ಸಾಹೇಬ್ರ ಮುಂದ ನಾನು ಬಾಯಿ ತೆಗೀತೀನೇನೋ ತಮ್ಮಾ? ನೌಕರಿ ಬ್ಯಾಡಾಗಿತ್ತೇನು ನನಗ? ಹುಡುಗ್ರ ಹೇಳಿದ್ವು. ಎಲ್ಲಾವೂ ಕೂಡೇ ಹೇಳಿದ್ವು.”

ಹೀಗೆ ಮೂವರಿಗೆ ಮೂರು ನೆನಪು. ತನಗೆ ಹೆಸರು ತರುವ ಸಾಕ್ಷಿಯನ್ನು ಮೊದಲು ಅನುಮಾನಿಸಬೇಕು ಎಂದು ನಾನು ಕಲಿತದ್ದು ಕಾಲೇಜಿನಲ್ಲಿ. ಆ ಲೆಕ್ಕಕ್ಕೆ ಈ ಮೂರರಲ್ಲಿ ಮೊದಲು ಬಿಡಬೇಕಾದದ್ದು ನನ್ನ ನೆನಪನ್ನೇ. ಆದರೂ ಬರೆಯುತ್ತೇನೆ. ಗೊತ್ತಿರುವುದನ್ನು ಗೊತ್ತಿದೆ ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಬೇರೆ ಮಾಡಿ ಇಟ್ಟರೆ ಉಳಿಯುವುದು ಸ್ವಲ್ಪವೇ ಇರಬಹುದು. ಆ ಸ್ವಲ್ಪ ನನಗೆ ಬೇಕು.

ಆಗ ನಾವು ಯಲ್ಲಾಪುರದಲ್ಲಿದ್ದೆವು. ಅಪ್ಪಯ್ಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನ, ಅಂದರೆ ತಾಲೂಕು ಕಚೇರಿಯ ಗುಮಾಸ್ತ. ನಮ್ಮ ಜಿಲ್ಲೆ ಮುಂಬಯಿ ಸರ್ಕಾರ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷ ಕಳೆದಿರಬೇಕು. ಕಚೇರಿಯ ಮೊಹರು ಬದಲಾಗಿತ್ತು, ಅಪ್ಪಯ್ಯನ ಬಾಯಲ್ಲಿ ಮರಾಠಿ ಶಬ್ದಗಳು ಮಾತ್ರ ಹಾಗೇ ಇದ್ದವು. ನಾನು ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿ. ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಆ ವರ್ಷ ಮೊದಲನೇ ಇಯತ್ತೆಗೆ ಸೇರಿದಳು.

ಅವಳಿಗೆ ಮಾತು ತಡವಾಗಿ ಬಂದಿತ್ತು, ಬಂದದ್ದೂ ಅಷ್ಟಕ್ಕಷ್ಟೆ. ಬೇಕಾದ ವಸ್ತುವಿಗೆಲ್ಲ ಒಂದೊಂದು ಶಬ್ದವಿತ್ತು, ವಾಕ್ಯ ಇರಲಿಲ್ಲ. ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಇದು ಮನೆಯಲ್ಲಿ ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಹಟಮಾರಿಯಲ್ಲ, ಅಳುಬುರುಕಿಯೂ ಅಲ್ಲ. ತೊಂದರೆ ಕೊಟ್ಟದ್ದು ಅವಳ ಖುಷಿ.

ಆ ಖುಷಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಮೊದಲು ಹಿಮ್ಮಡಿ ನೆಲ ಬಿಡುತ್ತಿತ್ತು, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಆಮೇಲೆ ಹತ್ತೂ ಬೆರಳು ಅಗಲಿಸಿ ಕಣ್ಣಿನ ಮುಂದೆ ಹಿಡಿದು ಅಲ್ಲಾಡಿಸುವುದು. ಆಮೇಲೆ ಗಂಟಲಿನಿಂದ ಸಣ್ಣಗೆ ಒಂದು ಸದ್ದು, ಹಂಡೆಯ ನೀರು ಕಾಯತೊಡಗಿದಾಗ ಬರುವಂಥದು. ಆ ಹೊತ್ತಿಗೆ ಅವಳ ಮುಖದಲ್ಲಿ ಕಾಣುತ್ತಿದ್ದ ಸಂತೋಷವನ್ನು ನಾನು ಬೇರೆ ಯಾವ ಮನುಷ್ಯರ ಮುಖದಲ್ಲೂ ಕಂಡಿಲ್ಲ. ಅಲ್ಲಿಂದ ಮೇಲೆ ಕಿರುಚು, ಓಟ. ಎದುರಿಗೆ ಗೋಡೆಯಿದೆಯೋ ಬಾವಿಯಿದೆಯೋ ನೋಡುತ್ತಿರಲಿಲ್ಲ. ಕೊನೆಗೆ ಅದೇ ಖುಷಿ ತಿರುಗಿಬೀಳುತ್ತಿತ್ತು. ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು, ಅಥವಾ ಹತ್ತಿರ ಸಿಕ್ಕವರನ್ನು. ಆಮೇಲೆ ಗಂಟೆಗಟ್ಟಲೆ ಅಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಎಂದು ಪಕ್ಕದಲ್ಲೇ ನಿಂತವರಿಗೂ ತಿಳಿಯುತ್ತಿರಲಿಲ್ಲ.

ಏನು ಕಂಡರೆ ಏರುತ್ತದೆ ಎಂದು ಮಾತ್ರ ನಮಗೆ ಗೊತ್ತಿತ್ತು. ಆಯಿ ಮಜ್ಜಿಗೆ ಕಡೆಯುವ ಸದ್ದು. ಬೀದಿ ತುದಿಯಲ್ಲಿ ಅಂಗಡಿಯಿಟ್ಟಿದ್ದ ದರ್ಜಿ ಸಾಬರ ಹೊಲಿಗೆ ಯಂತ್ರದ ಚಕ್ರ. ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುವ ಏನಿದ್ದರೂ ಸರಿ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಾಯಿದೆ ತಾನಾಗಿ ಹುಟ್ಟಿಕೊಂಡಿತು. ತಂಗಿಯ ಹಿಮ್ಮಡಿ ಎದ್ದದ್ದನ್ನು ಯಾರು ಮೊದಲು ನೋಡಿದರೂ ಕೂಗಬೇಕು: “ಕೂಸಿಗೆ ಏರ್ತು, ನಿಲ್ಸಿ!” ನಮ್ಮ ಮನೆಮಾತಿನಲ್ಲಿ ಕೂಸು ಎಂದರೆ ಹುಡುಗಿ. ಕೂಗು ಕೇಳಿದ ಕೂಡಲೇ ಆಯಿ ಕಡೆಗೋಲು ಹಿಡಿದು ನಿಲ್ಲಿಸುತ್ತಿದ್ದಳು. ದರ್ಜಿ ಸಾಬರು ಕಾಲು ತೆಗೆದು, “ಬಸ್ ಬೇಟಿ, ಬಸ್,” ಎನ್ನುತ್ತಿದ್ದರು. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಿದ್ದದ್ದು. ಆರು ವರ್ಷ ಹೀಗೆ ಮಾಡಿದೆವು. ಕೆಂಡಕ್ಕೆ ಮೆಣಸು ಉಪ್ಪು ಹಾಕಿ ದೃಷ್ಟಿ ತೆಗೆದದ್ದೂ ಆಯಿತು, ಕೊರಳಿಗೆ ತಾಯತ ಕಟ್ಟಿದ್ದೂ ಆಯಿತು.

ನಮ್ಮ ಶಾಲೆಯಲ್ಲಿ ಸಂಜೆ ಬಿಡುವ ಮೊದಲು ಮಗ್ಗಿ ಹೇಳಿಸುವ ಪದ್ಧತಿ. ಆಗಿನ ಎಲ್ಲ ಶಾಲೆಗಳಲ್ಲೂ ಇತ್ತು. ಒಬ್ಬ ಹುಡುಗ ಮುಂದೆ ನಿಂತು “ಒಂಬತ್ತೊಂದ್ಲೆ ಒಂಬತ್ತು” ಎನ್ನಬೇಕು, ನಾಲ್ಕೂ ಇಯತ್ತೆಯ ಮಕ್ಕಳು ಒಟ್ಟಾಗಿ ಅದನ್ನು ತಿರುಗಿ ಹೇಳಬೇಕು. ಧ್ವನಿ ದೊಡ್ಡದಿದೆ ಎಂಬ ಕಾರಣಕ್ಕೆ ಆ ವರ್ಷ ಮುಂದೆ ನಿಲ್ಲುವ ಕೆಲಸ ನನ್ನದು. ಎಪ್ಪತ್ತು ಎಂಬತ್ತು ಮಕ್ಕಳು ಒಂದೇ ರಾಗದಲ್ಲಿ ಕೂಗಿದರೆ ಹಂಚು ನಡುಗಿದ ಹಾಗೆ ಆಗುತ್ತಿತ್ತು. ತಂಗಿಗೆ ಇದಕ್ಕಿಂತ ದೊಡ್ಡ ಸಂತೋಷವನ್ನು ಯಾರೂ ಬೇಕೆಂದು ಹುಡುಕಿದರೂ ತರಲಾರರು.

ಮೊದಲನೇ ವಾರವೇ ಗಲಾಟೆ. ಮಗ್ಗಿಯ ನಾಲ್ಕನೇ ಸಾಲಿಗೆ ಹಿಮ್ಮಡಿ ಎದ್ದಿತು, ಆರನೇ ಸಾಲಿಗೆ ಕಿರುಚಿದಳು. ಮಾಸ್ತರರು ಬೆತ್ತದಿಂದ ಮೇಜು ಬಡಿದು, “ಏ, ನಿಲ್ಸ್ರೋ!” ಎಂದರು. ನಿಲ್ಲಿಸಿದೆವು. ಅವಳು ಸಾಲು ದಾಟಿ ಓಡಿ, ಗೋಡೆಗೆ ಬಡಿದು, ಕುಸಿದು ಕೂತು ಅತ್ತಳು. ಮರುದಿನವೂ ಹಾಗೇ. ಹುಡುಗರಿಗೆ ತಮಾಷೆ. “ನಮಗೆ ಮಗ್ಗಿ ಅಂದ್ರೆ ಅಳು ಬರ್ತದೆ, ನಿನ್ನ ತಂಗಿಗೆ ಕುಣಿತ ಬರ್ತದಲ್ಲೋ! ನಿಮ್ಮ ಮನೇಲಿ ಊಟಕ್ಕೂ ಮಗ್ಗಿನೇ ಬಡಿಸ್ತಾರಾ?” ನನಗೆ ನಾಚಿಕೆ. ಆ ದಿನಗಳಲ್ಲಿ ತಂಗಿ ಶಾಲೆಗೆ ಬಾರದಿದ್ದರೆ ಚೆನ್ನ ಎಂದು ನಾನು ಹಾರೈಸಿದ್ದು ನಿಜ. ಇದನ್ನು ಯಾರೂ ನನಗೆ ಹೇಳಿದ್ದಲ್ಲ, ಹೇಳುವವರೂ ಇರಲಿಲ್ಲ. ಹಾಗಾಗಿ ಇದು ನನ್ನದೇ ನೆನಪು ಎಂದು ನಂಬುತ್ತೇನೆ.

ಒಂದು ದಿನ ಪಕ್ಕದಲ್ಲಿ ಕೂತ ಹುಡುಗಿಯ ಕೈಯನ್ನು ತಂಗಿ ರಕ್ತ ಬರುವ ಹಾಗೆ ಕಚ್ಚಿದಳು. ಮಾಸ್ತರರು ಅಪ್ಪಯ್ಯನನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. “ರಾಯರ, ನನಗೂ ಮಕ್ಕಳದಾವ್ರಿ. ಆದ್ರ ಮಾಗಿ ದಿನದಾಗ ತಪಾಸಣಿ ಐತಿ. ಸಾಹೇಬ್ರ ಮುಂದ ಹಿಂಗಾದ್ರ ನಾನಾಗಿ ಹೆಸರು ತೆಗೀಬೇಕಾಗ್ತದ. ತಪಾಸಣಿ ತನಕ ನೋಡೂಣು,” ಎಂದರು.

ಹೆಸರು ತೆಗೆದರೆ ಅವಳನ್ನು ಸೇರಿಸಿಕೊಳ್ಳುವ ಬೇರೆ ಶಾಲೆ ಇರಲಿಲ್ಲ. ಅದಕ್ಕಿಂತ ಹೆಚ್ಚಿನದೊಂದು ಆಯಿಯ ಮನಸ್ಸಿನಲ್ಲಿತ್ತು. ಅವಳ ತವರು ಕಾನಸೂರಿನ ಹತ್ತಿರ. ಅಲ್ಲಿ ಒಂದು ಮನೆಯಲ್ಲಿ ಹೀಗೆಯೇ ಇದ್ದ ಒಬ್ಬಳನ್ನು ಚಿಕ್ಕಂದಿನಿಂದ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರಂತೆ. ಆಯಿ ಹುಡುಗಿಯಾಗಿದ್ದಾಗ ಕಿಟಕಿಯಿಂದ ಅವಳನ್ನು ನೋಡಿದ್ದಳು. ಆ ಹೊತ್ತಿಗೆ ಅವಳ ತಲೆ ಬಿಳಿಯಾಗಿತ್ತಂತೆ. “ನನ್ನ ಕೂಸಿಗೆ ಕಿಟಕಿ ಬ್ಯಾಡ, ಬಾಗ್ಲೇ ಬೇಕು,” ಎಂದು ಆಯಿ ಅಂದದ್ದು ನನಗೆ ನೆನಪಿದೆ. ಇಷ್ಟು ಚೊಕ್ಕವಾದ ಮಾತನ್ನು ಅವಳು ಆಡಿದಳೋ ನಾನೇ ಚೊಕ್ಕ ಮಾಡಿದೆನೋ ಹೇಳಲಾರೆ. ಕೋಣೆಯ ಸಂಗತಿ ಮಾತ್ರ ಸುಳ್ಳಲ್ಲ. ಅವಳು ಅದನ್ನು ಅನೇಕ ಸಲ ಹೇಳಿದ್ದಾಳೆ.

ಅಪ್ಪಯ್ಯ ತಂಗಿಯನ್ನು ಬಸ್ಸಿನಲ್ಲಿ ಶಿರಸಿಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ. ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸಿ ಕೊಟ್ಟರು. ದಿನಕ್ಕೆ ಮೂರು ಸಲ, ಸಲಕ್ಕೆ ಒಂದು ಹಲ್ಲಿನಷ್ಟು ಕೆಂಪು ಔಷಧಿ. ಔಷಧಿ ಕೆಲಸ ಮಾಡಿತು. ತಂಗಿ ಕೂತಲ್ಲಿ ಕೂತಳು. ಕಟವಾಯಿಯಲ್ಲಿ ಜೊಲ್ಲು ಇಳಿಯುತ್ತಿತ್ತು. ಮಗ್ಗಿ ಹೇಳುವಾಗ ಗೋಡೆ ನೋಡುತ್ತಿದ್ದಳು. ಮಾಸ್ತರರು, “ಈಗ ಶ್ಯಾಣ್ಯಾಕಿ ಆದ್ಲು,” ಎಂದರು. ನನಗೂ ಸಮಾಧಾನ. ಆಯಿ ಎರಡು ಮೂರು ವಾರ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲ ಮೋರಿಗೆ ಸುರಿದಳು.

“ಎಂತಾ ಮಾಡ್ದೆ ನೀನು? ಡಾಕ್ಟರು ಕೊಟ್ಟ ಔಷಧಿ!” ಎಂದ ಅಪ್ಪಯ್ಯ.

“ಡಾಕ್ಟರು ನೋಡಿದ್ದು ಹತ್ತು ನಿಮಿಷ. ಆನು ಏಳು ವರ್ಷ ನೋಡಿದ್ದಿ.”

“ಮತ್ತೆ ಕಚ್ಚಿದ್ರೆ?”

“ಕಚ್ಚದ್ದೇ ಇಪ್ಪಂಗೆ ಮಾಡ್ತೆ. ಖುಷಿ ಆಪ್ದು ರೋಗ ಅಲ್ಲ.”

ಕಚ್ಚದೆ ಇರುವ ಹಾಗೆ ಹೇಗೆ ಮಾಡುತ್ತಾಳೆ ಎಂದು ಅವಳಿಗೂ ಆಗ ಗೊತ್ತಿರಲಿಲ್ಲ. ಅಲ್ಲಿಂದ ಆಯಿ ತಂಗಿಯನ್ನು ನೋಡುವ ಕ್ರಮ ಬದಲಾಯಿತು. ಮೊದಲು ಏರುವುದನ್ನು ಕಾಯುತ್ತಿದ್ದಳು, ಈಗ ಇಳಿಯುವುದನ್ನು ಕಾಯತೊಡಗಿದಳು. ಯಾವಾಗ ಅಳದೆ ಇಳಿಯುತ್ತಾಳೆ? ಎಲ್ಲಿ?

ಉತ್ತರ ನಮ್ಮ ಬಚ್ಚಲಲ್ಲೇ ಇತ್ತು. ಎಣ್ಣೆಸ್ನಾನದ ದಿನ ಆಯಿ ಒಬ್ಬೊಬ್ಬರಿಗೆ ಹತ್ತೇ ಚೊಂಬು ಬಿಸಿನೀರು ಹಾಕುತ್ತಿದ್ದಳು. ಬಾವಿಯಿಂದ ಸೇದಿ ತಂದ ನೀರು, ಹಂಡೆಯಲ್ಲಿ ಮಿತಿ ಇತ್ತು. ಗಟ್ಟಿಯಾಗಿ ಎಣಿಸುತ್ತ ಹಾಕಿ, ಹತ್ತಕ್ಕೆ “ಆತು” ಎಂದು ಚೊಂಬು ಮಗುಚಿಡುತ್ತಿದ್ದಳು. ಸ್ನಾನದಲ್ಲಿ ತಂಗಿ ಕಿರುಚುವುದು ಬೀದಿಗೆ ಕೇಳಿಸುತ್ತಿತ್ತು. ಆದರೆ ಹತ್ತನೇ ಚೊಂಬಿನ ನಂತರ ತಾನಾಗಿ ಎದ್ದು ಹೊರಗೆ ಬರುತ್ತಿದ್ದಳು. ಕಚ್ಚಿದ್ದಿಲ್ಲ, ಅತ್ತದ್ದಿಲ್ಲ. ಏಳು ವರ್ಷ ವಾರವಾರ ನಡೆದದ್ದು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಆಯಿ ಒಂದು ವಾರ ಬೇಕೆಂದೇ ಆರನೇ ಚೊಂಬಿಗೆ ನಿಲ್ಲಿಸಿ, “ನೀರು ಇಲ್ಲೆ,” ಎಂದಳಂತೆ. ತಂಗಿ ಬಚ್ಚಲ ಗೋಡೆಗೆ ಹಣೆ ಚಚ್ಚಿಕೊಂಡಳು. ಆಯಿ ಕೂಡಲೇ ಉಳಿದ ನಾಲ್ಕನ್ನು ಎಣಿಸಿ ಹಾಕಿದಳು, ನಿಂತಿತು. “ಪಾಪದ ಕೆಲಸ ಮಾಡ್ದಿ,” ಎಂದು ಸಂಜೆ ಅಪ್ಪಯ್ಯನಿಗೆ ಹೇಳಿದಳು, “ಆದ್ರೆ ಗೊತ್ತಾತು. ಖುಷಿಯಿಂದ ಅಲ್ಲ ಅದು ಬೀಳ್ತಾ ಇದ್ದದ್ದು. ನಾವು ಮಧ್ಯ ನಿಲ್ಸಿದ್ರೆ ಅದಕ್ಕೆ ಎಲ್ಲಿ ಇಳಿಯೋದು ಹೇಳಿ ಗೊತ್ತಾಗ್ತಿಲ್ಲೆ.”

ಆ ಚೊಂಬು ಆರನೆಯದೋ ಏಳನೆಯದೋ ನನಗೆ ಗೊತ್ತಿಲ್ಲ. ಆದರೆ ಅವಳ ಮಾತು ಒಂದೇ ಸಾಕ್ಷಿಯ ಮೇಲೆ ನಿಂತಿರಲಿಲ್ಲ. ಮರುದಿನವೇ ನನ್ನನ್ನೂ ತಂಗಿಯನ್ನೂ ಕರೆದುಕೊಂಡು ದರ್ಜಿ ಸಾಬರ ಅಂಗಡಿಗೆ ಹೋದಳು. “ಸಾಬರೇ, ಇವತ್ತು ಕಾಲು ತೆಗೀಬೇಡಿ. ಹೊಲಿಗೆ ಪೂರ್ತಿ ಮಾಡಿ.”

ಸಾಬರು ಕನ್ನಡಕ ಮೇಲೇರಿಸಿ ನೋಡಿದರು. “ಅಮ್ಮಾ, ಹುಡುಗಿ ಕಿರುಚ್ತಾಳೆ. ಗಿರಾಕಿ ಓಡಿ ಹೋಗ್ತಾರೆ.”

“ನಿಮ್ಮ ಅಂಗಡಿಗೆ ಗಿರಾಕಿ ಎಲ್ಲಿದ್ದಾರೆ ಈಗ?”

ಸಾಬರು ನಗುತ್ತ ಯಂತ್ರ ತುಳಿದರು. ಪಾಯಜಾಮದ ಕಾಲಿನ ಉದ್ದದ ಹೊಲಿಗೆ. ತಂಗಿ ತುದಿಗಾಲಲ್ಲಿ ನಿಂತಳು, ಬೆರಳು ಕುಣಿಸಿದಳು, ಕಿರುಚಿದಳು. ಸಾಬರ ಮುಖದಲ್ಲಿ ಗಾಬರಿ, ಆದರೆ ಕಾಲು ನಿಲ್ಲಲಿಲ್ಲ. ಬಟ್ಟೆಯ ತುದಿ ಬಂತು. ಅವರು ದಾರ ಕತ್ತರಿಸಿದರು. ತಂಗಿ ಆ ಬಟ್ಟೆಯನ್ನು ಮುಟ್ಟಿ ನೋಡಿ, ಅಂಗಡಿಯ ಮೆಟ್ಟಿಲಿಳಿದು, ಬೀದಿಯಲ್ಲಿ ಹಿಂದೆ ಮುಂದೆ ಓಡಿ, ಬಂದು ಆಯಿಯ ಸೆರಗು ಹಿಡಿದಳು. ಅಷ್ಟೆ. “ಅರೆ! ಆರು ವರ್ಷದಿಂದ ನಾನೇ ಮಗುವನ್ನು ಅಳಿಸ್ತಾ ಇದ್ದೆನಾ?” ಎಂದರು ಸಾಬರು. ಈ ದೃಶ್ಯಕ್ಕೆ ನಾನೇ ಕಣ್ಣಾರೆ ಸಾಕ್ಷಿ.

ಆ ಸಂಜೆಯೇ ಆಯಿ ಶಾಲೆಗೆ ಹೊರಟಳು. ಅವಳು ಓದಿದ್ದು ಎರಡನೇ ಇಯತ್ತೆ. ಗಂಡಸರ ಜೊತೆ ನಿಂತು ಮಾತಾಡಿ ಅಭ್ಯಾಸವಿದ್ದವಳಲ್ಲ.

“ನೀ ಹೋಗಿ ಎಂತ ಹೇಳ್ತೆ?” ಎಂದ ಅಪ್ಪಯ್ಯ. “ಶಾಲೆ ನಮ್ಮನೆ ಬಚ್ಚಲಲ್ಲ.”

“ಬಾಯಿದ್ದು, ಹೇಳ್ತೆ.”

ಮಾಸ್ತರರು ಎದ್ದು ನಿಂತು, “ಬರ್ರಿ ತಾಯಿ, ಕುಂದರ್ರಿ,” ಎಂದರು. ಆಯಿ ಕೂರಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಕೊನೆಗೆ, “ಅವಳು ಕೂಗಿದಾಗ ಮಗ್ಗಿ ನಿಲ್ಸಬೇಡಿ ಮಾಸ್ತರೇ. ಹತ್ತರ ತನಕ ಹೇಳ್ಸಿ,” ಎಂದಳು.

“ಅಲ್ರಿ ತಾಯಿ, ನಿಲ್ಸಿದ್ರನ ಇಷ್ಟು, ನಿಲ್ಸದಿದ್ರ ಶಾಲಿ ಹಂಚು ಉಳೀತಾವೇನ್ರಿ?”

“ಹದಿನೈದು ದಿನ ನೋಡಿ. ಆಗಲೂ ಕಚ್ಚಿದ್ರೆ ನಾನೇ ಕರ್ಕೊಂಡು ಹೋಗ್ತೇನೆ.”

ಮಾಸ್ತರರು ಹೇಳಿದರು: “ಹೆಂಗೂ ಈ ಶಾಲ್ಯಾಗ ಮಗ್ಗಿ ಕೇಳಿ ಖುಷಿ ಪಡಾವ್ರು ಇಬ್ಬರ ಮಂದಿ. ಒಬ್ಬಾಂವ ನಾನು. ಆತು, ಹದಿನೈದು ದಿನ.”

ಮೊದಲ ದಿನ ಕೆಟ್ಟಿತು. ತಂಗಿ ಕಿರುಚಿದ ಕೂಡಲೇ ಮಾಸ್ತರರ ಕೈ ಅಭ್ಯಾಸಬಲದಿಂದ ಮೇಜು ಬಡಿಯಿತು, ಮಕ್ಕಳು ನಿಂತರು. ಅಳು. ಜಗಲಿಯಲ್ಲಿ ಕೂತಿದ್ದ ಆಯಿ ಒಳಗೆ ಬಂದು ಅವಳನ್ನು ಎತ್ತಿಕೊಂಡು ಹೋದಳು, ಮರುದಿನ ಅದೇ ಜಾಗದಲ್ಲಿ ಬಂದು ಕೂತಳು. ಎರಡನೇ ದಿನ ಮಾಸ್ತರರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತರು. ಏಳರ ಮಗ್ಗಿ. ತಂಗಿಯ ಕೂಗಿನ ಮೇಲೆ ನನ್ನ ಧ್ವನಿ ಕೇಳಬೇಕೆಂದು ನಾನು ಗಂಟಲು ಹರಿಯುವಂತೆ ಕೂಗಿದೆ. “ಏಳ್ ಹತ್ಲೆ ಎಪ್ಪತ್ತು!” ಎಲ್ಲರೂ ಅವಳನ್ನೇ ನೋಡಿದೆವು. “ಆತು,” ಎಂದಳು ತಂಗಿ, ಆಯಿ ಚೊಂಬು ಮಗುಚುವಾಗ ಹೇಳುವ ಅದೇ ಧಾಟಿಯಲ್ಲಿ. ಹೇಳಿ ಹೊರಗೆ ಓಡಿದಳು.

ಆ ಓಟಕ್ಕೂ ಒಂದು ಕೊನೆ ಬೇಕಲ್ಲ. ಧ್ವಜದ ಕಂಬಕ್ಕೆ ಮೂರು ಸುತ್ತು ಎಂದು ಆಯಿ ಗೊತ್ತು ಮಾಡಿದಳು. ಮೂರು ಸುತ್ತು ಹಾಕಿ ಬಂದು ಬಾಗಿಲ ಪಕ್ಕ ಕೂರುವುದು.

ಎಲ್ಲ ದಿನವೂ ಸರಿಹೋಯಿತು ಎನ್ನಲಾರೆ. ಒಂದು ದಿನ ಜೋರು ಗಾಳಿಗೆ ಬಾಗಿಲು ಬಡಿದು ಲಯ ತಪ್ಪಿತು. ಇನ್ನೊಂದು ದಿನ ಐದನೇ ಸಾಲಿಗೆ ನಾನೇ ನಿಲ್ಲಿಸಿದೆ. ಕೆಮ್ಮು ಬಂತು ಎಂದು ಹೇಳಿದ್ದೆ. ನಿಜವಾಗಿ ಕೆಮ್ಮು ಬಂದಿತ್ತೋ, ಏನಾಗುತ್ತದೆ ನೋಡೋಣ ಎನಿಸಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ದಿನ ಅವಳ ಮುಂಗೈಯಲ್ಲಿ ಅವಳದೇ ಹಲ್ಲಿನ ಗುರುತು ಕಂಡು ಆಯಿ ನನ್ನನ್ನು ಬಯ್ಯಲಿಲ್ಲ. “ನಾಳೆ ಪೂರ್ತಿ ಹೇಳು ತಮಾ,” ಎಂದಳು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಹದಿನೈದು ದಿನ ಕಳೆಯುವಾಗ ಕೂಗು ಹಾಗೇ ಇತ್ತು. ಕೂಗು ಹೋಗಬೇಕೆಂದು ಆಯಿ ಹೇಳಿರಲೂ ಇಲ್ಲ. ಕಚ್ಚುವುದು ನಿಂತಿತ್ತು.

ಇನ್ನು ಉಳಿದದ್ದು ತಪಾಸಣೆ. ಶಾಲೆ ತಪಾಸಣೆಗೆ ಬರುವ ಸಾಹೇಬರಿಗೆ ಒಂದು ರೂಢಿ ಇತ್ತು, ತಾಲೂಕಿಗೆಲ್ಲ ಗೊತ್ತಿದ್ದದ್ದು. ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ, ಬರುತ್ತದೆ ಎಂದು ಖಾತ್ರಿಯಾದ ಕೂಡಲೇ ನಡುವೆಯೇ ‘ಸಾಕು’ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ‘ಸಾಕು’ ಅನಿಸಿಕೊಳ್ಳುವುದು ಮಕ್ಕಳಿಗೆ ಹೆಮ್ಮೆಯ ಸಂಗತಿ. ನಮಗೆ ಮಾತ್ರ ಅದೇ ಗಂಡಾಂತರ.

ಹಿಂದಿನ ದಿನ ಮಾಸ್ತರರು ಮನೆಗೇ ಬಂದರು. “ನಾಳೆ ಒಂದಿನ ಆಕಿನ್ನ ಮನ್ಯಾಗ ಇಟಗೋರಿ. ಯಾರಿಗೂ ಗೊತ್ತಾಗೂದಿಲ್ಲ.”

ಅಪ್ಪಯ್ಯ ತಲೆಯಾಡಿಸಿದ. ಆಯಿ ಒಳಬಾಗಿಲಿಂದಲೇ ಹೇಳಿದಳು: “ಇಲ್ಲ ಮಾಸ್ತರೇ. ನಾಳೆ ಅಡಗಿಸಿಟ್ರೆ ಬರೋ ವರ್ಷವೂ ಅಡಗಿಸಿಡಬೇಕು. ಅವಳು ಆ ಶಾಲೆಯವಳು ಹೌದೋ ಅಲ್ಲವೋ?”

“ಸಾಹೇಬ್ರಿಗೆ ನಡುವ ಸಾಕು ಅನ್ನೂ ಚಟ ಐತ್ರಿ ತಾಯಿ.”

“ಅನ್ಬೇಡಿ ಅಂತ ಹೇಳಿ ಅವರಿಗೆ.”

“ಸಾಹೇಬ್ರಿಗೆ? ನಾನು?” ಮಾಸ್ತರರು ಚಹದ ಲೋಟ ಕೆಳಗಿಟ್ಟು ಎದ್ದು ಹೋದರು.

ಮರುದಿನ ಮಧ್ಯಾಹ್ನ ಸಾಹೇಬರು ಬಂದರು. ಕರಿ ಕೋಟು, ಕಂಕುಳಲ್ಲಿ ಟೊಪ್ಪಿಗೆ. ತಂಗಿ ಬಾಗಿಲ ಪಕ್ಕ ಕೂತಿದ್ದಳು, ಆಯಿ ಹೊರಗೆ ಜಗಲಿಯಲ್ಲಿ. ಸಾಹೇಬರು ಹದಿಮೂರರ ಮಗ್ಗಿ ಕೇಳಿದರು. ನಾನು ಮುಂದೆ ನಿಂತೆ. ಇಲ್ಲಿಯವರೆಗೆ ಮೂವರ ನೆನಪೂ ಒಂದೇ.

“ಹದಿಮೂರ್ ಆರ್ಲೆ ಎಪ್ಪತ್ತೆಂಟು.” ತಂಗಿ ಎದ್ದು ತುದಿಗಾಲಲ್ಲಿ ನಿಂತಿದ್ದಳು. “ಹದಿಮೂರ್ ಏಳ್ಲೆ ತೊಂಬತ್ತೊಂದು.”

“ಸಾಕು,” ಎಂದರು ಸಾಹೇಬರು.

ಎಲ್ಲರೂ ನಿಂತೆವು. ತಂಗಿಯ ಬೆರಳುಗಳು ಕಣ್ಣಿನ ಮುಂದೆ ನಡುಗುತ್ತಿದ್ದವು. ಗಂಟಲಿನ ಸದ್ದು ಏರುತ್ತಿತ್ತು. ಅವಳ ಬಲಗೈ ಬಾಯಿಯ ಕಡೆಗೆ ಹೋಗುತ್ತಿದ್ದದ್ದನ್ನು ನಾನು ನೋಡಿದೆ. ಆಗ ಎಲ್ಲಿಂದಲೋ ‘ಹದಿಮೂರ್ ಎಂಟ್ಲೆ’ ಬಂತು. ನನ್ನ ಬಾಯಿಯಿಂದಲೋ, ಮಾಸ್ತರರಿಂದಲೋ, ಹಿಂದಿನ ಸಾಲಿನ ಯಾವನೋ ಹುಡುಗನಿಂದಲೋ. ಬಂದ ಮೇಲೆ ಅದು ಯಾರ ಕೈಯಲ್ಲೂ ಉಳಿಯಲಿಲ್ಲ. ನೂರಾ ನಾಲ್ಕು, ನೂರಾ ಹದಿನೇಳು, ಇಡೀ ಶಾಲೆ ಕೂಗಿತು, ನೂರಾ ಮೂವತ್ತು. “ಆತು!” ಎಂದು ತಂಗಿ ಎಲ್ಲರಿಗಿಂತ ಎತ್ತರಕ್ಕೆ ಕೂಗಿ ಹೊರಗೆ ಓಡಿದಳು.

ಸಾಹೇಬರು ಕಿಟಕಿಯಿಂದ ನೋಡಿದರು. ಕಂಬಕ್ಕೆ ಒಂದು ಸುತ್ತು, ಎರಡು, ಮೂರು. ತಂಗಿ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು, ಏದುಸಿರು ಬಿಡುತ್ತ, ನಗುತ್ತ.

“ಏನು ಮಾಸ್ತರೇ ಇದು?”

“ಮಗ್ಗಿ ಪೂರ್ತಿ ಆದ್ರ ಆಕಿ ಮೂರು ಸುತ್ತು ಹಾಕ್ತಾಳ್ರಿ, ಸಾಹೇಬ್ರ.”

“ಅರ್ಧಕ್ಕೆ ಬಿಟ್ಟರೆ?”

“ಅರ್ಧಕ್ಕ ನಾವು ಬಿಡೂದಿಲ್ರಿ.”

ಈ ಮಾತನ್ನು ತಾವು ಆಡಿದ್ದಾಗಿ ಮಾಸ್ತರರು ಒಪ್ಪಿದರು. ಬಾಯಿ ತೆಗೆಯುವ ಧೈರ್ಯ ತಮಗಿರಲಿಲ್ಲ ಎಂದು ಹೇಳಿದವರೇ ಇದನ್ನು ಹೇಗೆ ಆಡಿದರು ಎಂದು ನಾನು ಕೇಳಿದ್ದಕ್ಕೆ, “ಅದು ಬ್ಯಾರೆ,” ಎಂದರು.

ಸಾಹೇಬರು ನಗಲಿಲ್ಲ, ಗದರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆದರೋ ಮಾಸ್ತರರಿಗೂ ತೋರಿಸಲಿಲ್ಲ.

ಮುಂದೆ ಅಪ್ಪಯ್ಯನಿಗೆ ಸಿದ್ದಾಪುರಕ್ಕೆ ಬದಲಿಯಾಗಿ ನಾವು ಯಲ್ಲಾಪುರ ಬಿಟ್ಟೆವು. ನಾಲ್ಕನೇ ಇಯತ್ತೆ ಮುಗಿದ ಮೇಲೆ ನಾನು ಆ ಶಾಲೆಯಲ್ಲಿರಲಿಲ್ಲ, ತಪಾಸಣೆಯಾಗಿ ಎಷ್ಟು ದಿನಕ್ಕೆ ಊರು ಬಿಟ್ಟೆವು ಎಂಬುದೂ ನನ್ನ ನೆನಪಿನಲ್ಲಿ ಗಟ್ಟಿಯಿರಲಿಲ್ಲ. ಈ ಸಡಿಲಿನಲ್ಲಿ ಬೇರೆಯದೊಂದು ಕಥೆ ಬೆಳೆಯಿತು. ಸಾಹೇಬರ ಬರಹದಿಂದ ತಂಗಿಯ ಹೆಸರನ್ನು ಶಾಲೆಯಿಂದ ತೆಗೆದರು, ಅವಮಾನಕ್ಕೆ ಅಪ್ಪಯ್ಯ ತಾನಾಗಿ ಬದಲಿ ಬೇಡಿದ ಎಂದು ನನ್ನ ಸೋದರಮಾವ ಮದುವೆ ಮುಂಜಿಗಳಲ್ಲಿ ಹೇಳುತ್ತಿದ್ದ. “ನಿನ್ನ ಆಯಿ ಹಟ ಮಾಡಿದ್ದಕ್ಕೇ ಊರು ಬಿಡವಾತು,” ಎಂದು ನನ್ನೆದುರೇ ಅಂದಿದ್ದ. ಆಯಿ ಅವನಿಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಅವಳು ತೀರಿಕೊಂಡ ಮೇಲೆ ಮಾವನ ಕಥೆಯೊಂದೇ ಉಳಿಯಿತು. ಅವಳು ಜಗಲಿಯಲ್ಲಿ ಕೂತ ದಿನಗಳೆಲ್ಲ ವ್ಯರ್ಥವಾದವೆಂದು ಅದರ ಅರ್ಥ. ಅದು ನಿಜವಾಗಿದ್ದರೆ ಒಪ್ಪಲು ಸಿದ್ಧನಿದ್ದೆ, ಆದರೆ ಕೇಳಿದ ಮಾತಿನ ಮೇಲೆ ಅಲ್ಲ.

ಇಂಥ ಮಕ್ಕಳಿಗೆ ಈಗ ಹೆಸರುಗಳಿವೆ. ಪುಸ್ತಕಗಳಲ್ಲಿ ಓದಿದ್ದೇನೆ, ಕೆಲವು ವಿವರಣೆಗಳು ನನ್ನ ತಂಗಿಯನ್ನು ನೋಡಿಯೇ ಬರೆದ ಹಾಗಿವೆ. ಆದರೂ ಅವಳಿಗೆ ಆ ಹೆಸರು ಇಡಲು ನಾನು ಹೋಗುವುದಿಲ್ಲ. ಯಾರೂ ಅವಳನ್ನು ಪರೀಕ್ಷಿಸಿಲ್ಲ, ನಾನು ವೈದ್ಯನಲ್ಲ. ಅವಳು ಈಗ ಶಿರಸಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ, ತಲೆ ನರೆತಿದೆ. ಅವಳನ್ನೇ ಕೇಳಿದೆ: ಆ ದಿನ ಮಗ್ಗಿ ಮುಂದೆ ಹೇಳಿದವರು ಯಾರು?

“ನೂರಾ ಮೂವತ್ತು,” ಎಂದಳು.

ಯಾರು ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಮುಗಿಯಿತು ಎಂಬುದಷ್ಟೇ ಅವಳ ಸಾಕ್ಷಿ.

ಕೊನೆಗೆ ಯಲ್ಲಾಪುರಕ್ಕೆ ಹೋದೆ. ಈಗಿನ ಮುಖ್ಯೋಪಾಧ್ಯಾಯರು ಬೀರುವಿನ ತಳದಿಂದ ಆ ಕಾಲದ ದಾಖಲಾತಿ ಪುಸ್ತಕ ತೆಗೆದುಕೊಟ್ಟರು. ಅಂಚು ಗೆದ್ದಲು ತಿಂದಿತ್ತು, ಹಾಳೆಗಳು ಓದಲು ಬರುತ್ತಿದ್ದವು. ತಂಗಿಯ ಹೆಸರಿನ ಸಾಲಿನಲ್ಲಿ, ಮಾಸ್ತರರ ದುಂಡಗಿನ ಅಕ್ಷರದಲ್ಲಿ, ಶಾಲೆ ಬಿಡುವಾಗ ಇದ್ದ ತರಗತಿ ಎರಡನೇ ಇಯತ್ತೆ, ಪಾಸು ಎಂದಿದೆ. ಅಂದರೆ ತಪಾಸಣೆಯ ನಂತರ ಅವಳು ಅಲ್ಲೇ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಓದಿದಳು. ಬಿಟ್ಟ ಕಾರಣದ ಕಡೆ ‘ತಂದೆಗೆ ಸಿದ್ದಾಪುರಕ್ಕೆ ಬದಲಿ’ ಎಂದು ಬರೆದಿದೆ, ಹೆಸರು ತೆಗೆದುಹಾಕಿದ ಗುರುತು ಇಲ್ಲ.